ನಮ್ಮ ನೆಲಕ್ಕೊಪ್ಪುವ ಗ್ರಂಥಾಲಯ

ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯಲ್ಲಿ ಎರ್ರಗುಡಿ ಎಂಬ ಗ್ರಾಮವಿದೆ. ಅದರ ಸಮೀಪದ ಗುಡ್ಡದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಧರ್ಮಶಾಸನಗಳನ್ನು ಕೆತ್ತಲಾಗಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಅಲ್ಲಿನ ಒಂದು ಶಾಸನದಲ್ಲಿ ಕೆಲವು ಪಂಕ್ತಿಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ನೇಗಿಲು ಹೂಡಿದ ಎತ್ತು ಸಾಲಿನ ತುದಿಯಲ್ಲಿ ಹೊರಳಿ ಬರುವಂತೆ. ಗ್ರೀಕರು ಇಂತಹ ಬರವಣಿಗೆಗೆ ಇಟ್ಟ ಹೆಸರಿನ ಅರ್ಥವೂ ಎತ್ತು ಹೊರಳುವ ರೀತಿ ಎಂದೇ ಆಗಿದೆ. ರಾಜಾಜ್ಞೆಯನ್ನು ರಾಜುಕರೆಂಬ ಅಧಿಕಾರಿಗಳು ಭೇರಿ ಹೊಡೆಯಿಸಿ ಜನಪದಕ್ಕೆ ತಿಳಿಸಬೇಕೆಂಬ ಸೂಚನೆಯೂ ಅಲ್ಲಿದೆ.

ಈ ಬಂಡೆಗಳನ್ನು ನಾವು ಕರ್ನೂಲು ಜಿಲ್ಲೆಯ ಮೊದಲ ವಾಚನಾಲಯವೆಂದು ಕರೆದರೆ ವಿದ್ವಾಂಸರು ನಗಬಹುದು. ನಗಲಿ. ಅಲ್ಲಿ ಬಾಗಿಲಿಲ್ಲ, ಬೀಗವಿಲ್ಲ. ಬಂಡೆಯನ್ನು ಎಲ್ಲಿಂದಲೋ ತಂದು ನಿಲ್ಲಿಸಲಿಲ್ಲ. ಬಂಡೆ ಇದ್ದೆಡೆಗೆ ಅಕ್ಷರವೇ ನಡೆದುಬಂದಿತು. ಓದಬಲ್ಲವನು ಓದಿಕೊಂಡನು, ಓದಲಾರದವನಿಗೆ ಓದಿ ಹೇಳುವ ಏರ್ಪಾಡಿತ್ತು.

ನಮ್ಮ ಮಕ್ಕಳಿಗೂ ಊರವರಿಗೂ ಕೂಡಿಯೇ ಉಪಯೋಗವಾಗುವಂತಹ ಒಂದು ಸಾರ್ವಜನಿಕ ಗ್ರಂಥಾಲಯ ಬೇಕೆಂದು ಪೋಷಕರಲ್ಲಿ ಅನೇಕರು ನಮ್ಮೊಡನೆ ಆಗಾಗ ಹೇಳುತ್ತಿರುತ್ತಾರೆ. ಇದು ಸಂತೋಷದ ಮಾತು. ಆದರೆ ಆ ಮಾತಿನ ಹಿಂದೆಯೇ, "ಹಣ ಕೂಡಿದರೆ ಒಂದು ಕೋಣೆ ಎಬ್ಬಿಸಿಬಿಟ್ಟರಾಯಿತು, ಮಾಸ್ತರೇ" ಎಂಬ ಮಾತೂ ಬರುತ್ತದೆ. ಇದಕ್ಕೆ ಮಾತ್ರ ನಾವು ಸಮ್ಮತಿಸಲಾರೆವು. ಅದೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬಹಳ ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಗ್ರಾಮದಲ್ಲಿ ಇಂತಹ ಒಂದು ಕೋಣೆ ಎದ್ದಿತು. ಎರೆಭೂಮಿಯ ಮೇಲೆ ಎರಡಡಿ ಪಾಯ, ಸಿಮೆಂಟ್ ಇಟ್ಟಿಗೆಯ ತೆಳು ಗೋಡೆ, ಮೇಲೆ ತಗಡು, ಪಶ್ಚಿಮಕ್ಕೆ ಬಾಗಿಲು. ಬಾಗಿಲು ಪಶ್ಚಿಮಕ್ಕೇಕೆಂದರೆ ರಸ್ತೆ ಆ ಕಡೆಗಿತ್ತು, ಬೇರೆ ಕಾರಣವಿರಲಿಲ್ಲ. ಉದ್ಘಾಟನೆಯ ದಿನ ಊರೆಲ್ಲ ನೆರೆದಿತ್ತು. ಚೈತ್ರ ಬಂದಿತು. ಮಧ್ಯಾಹ್ನ ಹನ್ನೊಂದರ ಅನಂತರ ಆ ತಗಡಿನ ಕೆಳಗೆ ಮನುಷ್ಯಮಾತ್ರದವರು ಕುಳಿತುಕೊಳ್ಳುವಂತಿರಲಿಲ್ಲ. ಓದುವವರು ವೃತ್ತಪತ್ರಿಕೆಯನ್ನು ಕೈಯಲ್ಲಿ ಹಿಡಿದು ಎದುರಿನ ಅರಳಿಕಟ್ಟೆಗೆ ಹೋಗಿ ಕುಳಿತರು. ಮುಂಗಾರು ಬಂದಿತು. ಕೆಳಗಿನ ಎರೆಮಣ್ಣು ನೀರು ಕುಡಿದು ಉಬ್ಬಿ ಮೂಲೆಯ ಗೋಡೆಯನ್ನು ಕೈ ತೂರುವಷ್ಟು ಸೀಳಿತು. ಆ ಸೀಳಿನಿಂದ ಗೆದ್ದಲು ಮರದ ಕಪಾಟಿಗೆ ಏರಿತು. ಬಳ್ಳಾರಿಯಿಂದ ಬಸ್ಸಿನ ಮೇಲೆ ಹೊರಿಸಿ ತಂದಿದ್ದ ಕನ್ನಡ ಪುಸ್ತಕಗಳ ಎರಡು ಸಾಲುಗಳನ್ನು ನಾವೇ ಕೈಯಿಂದ ಎತ್ತಿದಾಗ ರಟ್ಟು ಮಾತ್ರ ಕೈಗೆ ಬಂದಿತು, ಒಳಗೆ ಮಣ್ಣು. ಅನಂತರ ಬೀಗ ಬಿದ್ದಿತು. ಕೊಟ್ಟವರ ಔದಾರ್ಯದಲ್ಲಿಯಾಗಲಿ ಓದುವವರ ಆಸಕ್ತಿಯಲ್ಲಿಯಾಗಲಿ ಕೊರತೆಯಿರಲಿಲ್ಲ. ನೆಲವನ್ನೂ ಬಿಸಿಲನ್ನೂ ಕೇಳದೆ ಕಟ್ಟಿದುದೇ ತಪ್ಪು. ಆಗ ಅಲ್ಲಿಯೇ ಇದ್ದ ನಾವೂ ಕೇಳಬೇಕೆಂದು ಹೇಳಲಿಲ್ಲ.

ಆ ಅರಳಿಕಟ್ಟೆಯನ್ನು ನಾವು ಮರೆತಿಲ್ಲ. ಕೋಣೆ ಸೋತಲ್ಲಿ ಅದು ಗೆದ್ದಿತ್ತು. ಅದಕ್ಕೆ ನೆರಳಿದೆ, ನೆಲದಿಂದ ಎರಡು ಮೊಳದ ಎತ್ತರವಿದೆ, ನಾಲ್ಕು ದಿಕ್ಕಿನಿಂದಲೂ ಗಾಳಿಯಿದೆ, ಯಾರು ಬಂದು ಕುಳಿತರೂ ಏಕೆ ಬಂದೆಯೆಂದು ಕೇಳುವವರಿಲ್ಲ. ನಮ್ಮ ಸೀಮೆಗೆ ಗ್ರಂಥಾಲಯವನ್ನು ಯೋಚಿಸುವವರು ಪಟ್ಟಣದ ಕಚೇರಿಯನ್ನು ಮಾದರಿಯಾಗಿಟ್ಟುಕೊಳ್ಳದೆ ಈ ಕಟ್ಟೆಯನ್ನು ಮಾದರಿಯಾಗಿಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ನೆಲದ ವಿಚಾರ. ಆದವಾನಿ, ಕೌತಾಳ, ಹೊಳಗುಂದಿಗಳ ಸುತ್ತ ಹತ್ತಿ ಬೆಳೆಯುವ ಎರೆಭೂಮಿಯೇ ಹೆಚ್ಚು. ಒಕ್ಕಲಿಗನಿಗೆ ಇದು ಬಂಗಾರ. ಕಟ್ಟಡಕ್ಕೆ ಇದು ಶತ್ರು. ಈ ಮಣ್ಣಿನ ಕಣಗಳು ಅತಿ ಸೂಕ್ಷ್ಮವಾದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಆ ಹಾಳೆಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ; ನೀರು ಹೋದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಹೊಲದಲ್ಲಿ ಬಿಡುವ ಬಿರುಕುಗಳನ್ನು ಪ್ರತಿಯೊಬ್ಬ ಬಾಲಕನೂ ನೋಡಿದ್ದಾನೆ. ಕಟ್ಟಡ ಈ ಪದರದ ಮೇಲೆ ನಿಂತರೆ ವರ್ಷಕ್ಕೊಮ್ಮೆ ಏರಿ ಇಳಿಯಬೇಕಾಗುತ್ತದೆ. ಆದುದರಿಂದ ಎರೆಯನ್ನು ಪೂರ್ತಿಯಾಗಿ ತೋಡಿ, ಅದರ ಕೆಳಗಿನ ಗರಸಿನ ಮೇಲೆ ಕಲ್ಲಿನ ಪಾಯವನ್ನು ಕೂರಿಸಬೇಕು. ಪಾಯದ ಎರಡು ಮಗ್ಗುಲಿಗೂ ಮರಳನ್ನು ತುಂಬಬೇಕು. ಎರೆಯ ಆಳ ಮಿತಿಮೀರಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ ವಿಧಾನವೊಂದುಂಟು: ಕೊರೆದ ಕುಳಿಯ ತಳದಲ್ಲಿ ಈರುಳ್ಳಿಯ ಗಡ್ಡೆಯಂತೆ ಉಬ್ಬಿರುವ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ತೊಲೆ ಹಾಕಿ ಗೋಡೆಯನ್ನು ಎತ್ತುವುದು. ಮೇಲಿನ ಮಣ್ಣು ಉಬ್ಬಿದರೂ ಆ ಗಡ್ಡೆ ಕಂಬವನ್ನು ಬಿಡುವುದಿಲ್ಲ. ಇದಕ್ಕೆ ತಿಳಿದವರ ಸಹಾಯ ಬೇಕು, ಖರ್ಚೂ ಇದೆ. ಊರಿನ ಬದಿಯಲ್ಲಿ ಗುಡ್ಡದ ಕಾಲಿಗೆ ಗಟ್ಟಿ ನೆಲ ಸಿಕ್ಕುವುದಾದರೆ ನಾಲ್ಕು ಹೆಜ್ಜೆ ದೂರವಾದರೂ ಅಲ್ಲಿಗೆ ಹೋಗುವುದೇ ಜಾಣತನ.

ಎತ್ತರದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. 2009ರ ಅಕ್ಟೋಬರ್ ಮೊದಲಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯಕ್ಕೂ ಕರ್ನೂಲು ಪಟ್ಟಣಕ್ಕೂ ನುಗ್ಗಿದುದನ್ನು ಪೋಷಕರು ಮರೆತಿರಲಾರರು. ಮಳೆ ಕಡಿಮೆಯ ಸೀಮೆ ಎಂಬ ಧೈರ್ಯದಿಂದ ಹಳ್ಳದ ಪಾತ್ರದಲ್ಲಿ ಪುಸ್ತಕಗಳನ್ನಿಡಬಾರದು. ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಊರಿನ ಮುದುಕರು ಬೆರಳಿಟ್ಟು ತೋರಿಸಬಲ್ಲರು. ಅದಕ್ಕೆ ಯಂತ್ರ ಬೇಕಿಲ್ಲ.

ಇನ್ನು ಬಿಸಿಲು. ಆದವಾನಿ ಸುಮಾರು 15½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕಡೆಯ ವಾರದಲ್ಲಿ ನಡುಹಗಲಿನ ಸೂರ್ಯ ನಮಗೆ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್ ತಿಂಗಳಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ದಕ್ಷಿಣದ ಗೋಡೆಯ ಕಿಟಕಿಯ ಎತ್ತರ 4 ಅಡಿಯೆಂದಿಟ್ಟುಕೊಳ್ಳೋಣ. ಅದರ ನೆತ್ತಿಯ ಮಟ್ಟದಿಂದ ಮುಂದಕ್ಕೆ ಎಷ್ಟು ಚಾಚು ಕೊಟ್ಟರೆ ವರ್ಷದ ಯಾವ ದಿನವೂ ನಡುಹಗಲಿನ ಬಿಸಿಲು ಒಳಗೆ ಬೀಳಲಾರದು? ಹತ್ತನೆಯ ತರಗತಿಯ ವಿದ್ಯಾರ್ಥಿಗಳು ತ್ರಿಕೋನಮಿತಿಯಿಂದ ಲೆಕ್ಕ ಹಾಕಲಿ. ಸುಮಾರು 3¼ ಅಡಿ ಬರಬೇಕು. ಆರಡಿಯ ಜಗಲಿಯನ್ನು ಕೊಟ್ಟರೆ ಬಿಸಿಲು ನಿಲ್ಲುವುದಲ್ಲದೆ ಕುಳಿತು ಓದಲು ಸ್ಥಳವೂ ಆಯಿತು. ಆದರೆ ಸಂಜೆಯ ಪಶ್ಚಿಮದ ಬಿಸಿಲನ್ನು ಯಾವ ಚಾಚೂ ತಡೆಯಲಾರದು, ಏಕೆಂದರೆ ಅದು ಅಡ್ಡಲಾಗಿ ಬರುತ್ತದೆ. ಆದಕಾರಣ ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿರಬೇಕು, ಕಿಟಕಿಗಳು ಉತ್ತರ-ದಕ್ಷಿಣಕ್ಕಿರಬೇಕು, ಪಶ್ಚಿಮದ ಗೋಡೆ ಕಿಟಕಿಯಿಲ್ಲದೆ ದಪ್ಪನಾಗಿರಬೇಕು. ರಸ್ತೆ ಯಾವ ಕಡೆಗಾದರೂ ಇರಲಿ, ಜನ ಸುತ್ತಿ ಬಂದಾರು. ಸೂರ್ಯ ಸುತ್ತಿ ಬರುವುದಿಲ್ಲ.

ಪಶ್ಚಿಮಕ್ಕೆ ಬೇವಿನ ಮರವನ್ನು ಹಾಕಬಹುದಲ್ಲವೆ ಎಂದು ಕೇಳಬಹುದು. ಹಾಕಲೇಬೇಕು. ಆದರೆ ಎರೆಭೂಮಿಯಲ್ಲಿ ಮರದ ಬೇರು ಪಾಯದ ಕೆಳಗಿನ ನೀರನ್ನು ಹೀರಿ ಮಣ್ಣನ್ನು ಕುಗ್ಗಿಸುತ್ತದೆ. ಬೆಳೆದಾಗ ಮರವು ಎಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ನೆಡುವುದು ಕ್ಷೇಮ. ಸಂಜೆಯ ನೆರಳು ಉದ್ದವಾದುದರಿಂದ ಅಷ್ಟು ದೂರದಿಂದಲೂ ಅದು ಗೋಡೆಯನ್ನು ಮುಟ್ಟುತ್ತದೆ.

ಗೋಡೆ ಮತ್ತು ಮಾಳಿಗೆಗಳ ವಿಚಾರದಲ್ಲಿ ನಮ್ಮ ಹಿರಿಯರು ತಿಳಿಯದವರಾಗಿರಲಿಲ್ಲ. ಹಳೆಯ ಮನೆಗಳ ಮೊಳಕ್ಕೂ ಮಿಗಿಲಾದ ಕಲ್ಲು-ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ತನ್ನೊಳಗೆ ತಡೆದು, ಅದು ಒಳಮುಖಕ್ಕೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆದವಾನಿಯಲ್ಲಿ ಹದಿನೇಳನೆಯ ಶತಮಾನದಲ್ಲಿ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಕಲ್ಲಿನ ಜಾಮಿಯಾ ಮಸೀದಿಯೊಳಗೆ ಬೇಸಗೆಯಲ್ಲಿ ಹೆಜ್ಜೆಯಿಟ್ಟವರಿಗೆ ಇದು ಅನುಭವದ ಮಾತು. ಮಾಳಿಗೆಯ ಮೇಲೆ ಹೊದಿಸುತ್ತಿದ್ದ ಚೌಳುಮಣ್ಣಿನ ಗುಟ್ಟೂ ಸ್ವಾರಸ್ಯವಾದುದು. ಹೊಲಕ್ಕೆ ಬಾರದ ಆ ಉಪ್ಪುಮಣ್ಣು ಮಳೆಯಲ್ಲಿ ನೆನೆದಾಗ ಅದರ ಕಣಗಳು ಚದುರಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯಲಾರದೆ ಹರಿದುಹೋಗುತ್ತದೆ. ಬೆಳೆಗೆ ಯಾವ ದೋಷವೋ ಮಾಳಿಗೆಗೆ ಅದೇ ಗುಣ.

ಹಾಗೆಂದು ಹಳೆಯದೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕೆಂದು ನಾವು ಹೇಳುವವರಲ್ಲ. ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಮುಂಗಾರಿಗೆ ಮೊದಲು ಹೊಸ ಮಣ್ಣು ಬೀಳಬೇಕು. ಮನೆಯಾದರೆ ಮನೆಯವರು ಹಾಕಿಯಾರು. ಹತ್ತು ಜನರ ಸೊತ್ತಾದ ಗ್ರಂಥಾಲಯಕ್ಕೆ ಯಾರು ಹಾಕುವರು? ಮನೆ ಒಂದು ವರ್ಷ ಸೋರಿದರೆ ಪಾತ್ರೆಯಿಡಬಹುದು; ಪುಸ್ತಕದ ಮೇಲೆ ಸೋರಿದರೆ ಪುಸ್ತಕವೇ ಹೋಯಿತು. ಆದುದರಿಂದ ಗೋಡೆಯಲ್ಲಿ ಹಿರಿಯರನ್ನು ಅನುಸರಿಸಿ, ಮೇಲ್ಛಾವಣಿಯಲ್ಲಿ ಸ್ವಲ್ಪ ಮುಂದೆ ಹೋಗಿ, ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಸುಣ್ಣದ ಗಾರೆ ಬಡಿಯುವ ಮದ್ರಾಸ್ ತಾರಸಿಯನ್ನು ಮಾಡುವುದು ಮೇಲು. ಅದರ ಮೇಲೆ ವರ್ಷಕ್ಕೊಮ್ಮೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಮೇಲಿನಿಂದಲೇ ಹಿಂದಿರುಗುತ್ತದೆ. ಸುಣ್ಣ ಬಳಿಯುವುದನ್ನು ನಮ್ಮ ಹುಡುಗರೇ ಮಾಡಬಲ್ಲರು.

ಕಲ್ಲು ದುಬಾರಿಯೆನಿಸುವ ಊರುಗಳಲ್ಲಿ, ಪತ್ತಿಕೊಂಡದ ಕಡೆಯಂತೆ ಕೆಮ್ಮಣ್ಣು ಸಿಕ್ಕಿದರೆ, ಮತ್ತೊಂದು ಮಾರ್ಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ವಿಭಾಗದವರು ಗ್ರಾಮಗಳಿಗೆ ಒಪ್ಪುವ ತಂತ್ರಗಳನ್ನು ಕುರಿತು ದುಡಿದರು. ಅವರಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿನ ಒತ್ತಿಟ್ಟಿಗೆಯನ್ನು ಬಳಕೆಗೆ ತಂದರು. ಜರಡಿ ಹಿಡಿದ ಕೆಮ್ಮಣ್ಣಿಗೆ ಮರಳನ್ನೂ ನೂರಕ್ಕೆ ಐದಾರು ಪಾಲು ಸಿಮೆಂಟನ್ನೂ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ನೆರಳಿನಲ್ಲಿಟ್ಟರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವಿಲ್ಲ, ಸೌದೆ ಬೇಡ. ಎರೆಮಣ್ಣು ಮಾತ್ರ ಇದಕ್ಕೆ ಸಲ್ಲದು.

ಇಂತಹ ಯೋಚನೆ ನಮ್ಮೊಬ್ಬರದೇ ಎಂದು ಯಾರೂ ಭಾವಿಸಬೇಕಿಲ್ಲ. ನಮ್ಮಂತೆಯೇ ಕಪ್ಪುನೆಲದ ಸೀಮೆಯಾದ ಮಹಾರಾಷ್ಟ್ರದ ಕೋಪರಗಾಂವ್‌ನಲ್ಲಿ, ಶಾಲೆಯೊಂದರ ಆವರಣದಲ್ಲಿ 2018ರಲ್ಲಿ ಮಾಯಾ ಸೋಮೈಯಾ ಗ್ರಂಥಾಲಯವು ಸಿದ್ಧವಾಯಿತು. ಶಿಲ್ಪಿ ಸಮೀಪ್ ಪಡೋರಾ ಅವರು ತೆಳುವಾದ ಇಟ್ಟಿಗೆಬಿಲ್ಲೆಗಳನ್ನು ಪದರ ಪದರವಾಗಿ ಅಂಟಿಸಿ ಕಮಾನಿನ ಛಾವಣಿಯನ್ನು ಮಾಡಿಸಿದರು. ಆ ಛಾವಣಿ ನೆಲದಿಂದಲೇ ದಿಬ್ಬದಂತೆ ಏಳುತ್ತದೆ. ಮಕ್ಕಳು ಅದರ ಮೇಲೆ ಹತ್ತಿ ಓಡುತ್ತಾರೆ, ಕೆಳಗೆ ಓದುತ್ತಾರೆ. ನೋಡಿದವರಿಗೆ ಕಟ್ಟಡವೆನ್ನುವುದಕ್ಕಿಂತ ನೆಲದ ಒಂದು ಮಡಿಕೆಯೆನಿಸುತ್ತದೆ. ಆಫ್ರಿಕಾ ಖಂಡದ ಬುರುಂಡಿ ದೇಶದ ಮುಯಿಂಗಾ ಎಂಬಲ್ಲಿ ಕಿವುಡ ಮಕ್ಕಳ ಶಾಲೆಯ ಮೊದಲ ಭಾಗವಾಗಿ 2012ರಲ್ಲಿ ಕಟ್ಟಿದ ಗ್ರಂಥಾಲಯ ಇನ್ನೂ ನಮಗೆ ಹತ್ತಿರದ್ದು. ಗೋಡೆ ಸ್ಥಳೀಯ ಮಣ್ಣಿನ ಒತ್ತಿಟ್ಟಿಗೆ, ಛಾವಣಿ ಅಲ್ಲಿಯೇ ಸುಟ್ಟ ಹಂಚು, ತೊಲೆ ನೀಲಗಿರಿ ಮರದ್ದು. ಆ ನಾಡಿನ ಮನೆಗಳಿಗೆ ಇರುವಂತಹ ಉದ್ದನೆಯ ಪಡಸಾಲೆಯೇ ಅದರ ಜೀವ. ಬಿಸಿಲು ಮಳೆಗಳಿಂದ ಕಾಪಾಡುವುದೂ ಅದೇ, ಜನ ಕೂಡಿ ಮಾತನಾಡುವುದೂ ಅಲ್ಲಿಯೇ. ಕತ್ತಾಳೆ ಜಾತಿಯ ನಾರಿನ ಹಗ್ಗದಿಂದ ಹೆಣೆದ ದೊಡ್ಡ ಜೋಲಿಯೊಂದನ್ನು ಒಳಗೆ ಕಟ್ಟಿದ್ದಾರೆ; ಮಕ್ಕಳು ಅದರಲ್ಲಿ ಒರಗಿಕೊಂಡು ಓದುತ್ತಾರೆ. ಇದನ್ನು ಓದುವ ನಮ್ಮ ಕೆಳತರಗತಿಯ ಬಾಲಕರ ಕಣ್ಣು ಎಲ್ಲಿ ನಿಂತಿತೆಂಬುದು ನಮಗೆ ಗೊತ್ತು. ಪುಂಡಿನಾರಿನ ಹಗ್ಗ ಹೊಸೆಯುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ.

ಒಳಗಿನ ಏರ್ಪಾಟಿನಲ್ಲಿ ನಮ್ಮ ಒತ್ತಾಯ ಒಂದೇ: ಕಪಾಟುಗಳಿಗೆ ಮರ ಬೇಡ, ಬಾಗಿಲೂ ಬೇಡ. ಈಗ ನಂದ್ಯಾಲ ಜಿಲ್ಲೆಗೆ ಸೇರಿರುವ ಬೇತಂಚೆರ್ಲದ ಸುಣ್ಣಗಲ್ಲಿನ ಬಂಡೆಗಳನ್ನು ಗೋಡೆಗೆ ಸೇರಿಸಿ ಮೂರಡಿಗೊಂದು ಆಧಾರ ಕೊಟ್ಟು ಹಾಕಿಸಿದರೆ ಗೆದ್ದಲಿಗೆ ತಿನ್ನಲು ಏನೂ ಇಲ್ಲ. ಬೆನ್ನಿನ ಗೋಡೆಗೆ ಪುಸ್ತಕ ತಾಗದಂತೆ ಎರಡು ಬೆರಳು ಬಿಡಬೇಕು. ಗಾಳಿಯಾಡಿದರೆ ಬೂಷ್ಟು ಹಿಡಿಯದು. ಕೆಳಗಿನ ಎರಡು ಸಾಲುಗಳು ಮಕ್ಕಳವು. ಐದು ವರ್ಷದ ಕೂಸು ಕೈ ಚಾಚಿದರೆ ಎಟುಕಬೇಕು. ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಗ್ರಂಥಗಳಿರುವುದು ಬಳಸುವುದಕ್ಕಾಗಿ, ಕೂಡಿಡುವುದಕ್ಕಲ್ಲ ಎಂಬುದು. ಪುಸ್ತಕ ಹರಿದೀತೆಂದು ಬೀಗ ಹಾಕುವ ಉಪಾಧ್ಯಾಯರನ್ನು ನಾವು ಕಂಡಿದ್ದೇವೆ; ಒಂದು ಕಾಲದಲ್ಲಿ ನಾವೂ ಅವರಲ್ಲೊಬ್ಬರಾಗಿದ್ದೆವು.

ಜಗಲಿಯನ್ನು ಎರಡು ಕಡೆಗೆ ಕೊಡಬೇಕು. ಉತ್ತರದ ಜಗಲಿ ತಾಯಂದಿರಿಗೆ ಮತ್ತು ಹೆಣ್ಣುಮಕ್ಕಳಿಗೆ ಇರಲಿ. ಕಟ್ಟೆಯನ್ನು ನಾವು ಹೊಗಳಿದೆವಷ್ಟೆ. ಆದರೆ ಅರಳಿಕಟ್ಟೆಯ ಮೇಲೆ ಗಂಡಸರು ಕುಳಿತಿರುವಾಗ ಹೆಂಗಸರು ತಲೆ ತಗ್ಗಿಸಿ ಹಾದುಹೋಗುತ್ತಾರೆಂಬುದೂ ನಿಜ. ಮಾದರಿಯ ಈ ದೋಷವನ್ನು ಗ್ರಂಥಾಲಯಕ್ಕೆ ತರಬಾರದು.

ಈಗ ನಮ್ಮ ಮನಸ್ಸಿಗೆ ಅತ್ಯಂತ ಸಮೀಪದ ಎರಡು ವಿಷಯಗಳು.

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ದಿನ ಆಂಧ್ರ ರಾಜ್ಯಕ್ಕೆ ಸೇರಿದವು. ಮನೆಯ ಮಾತು ಕನ್ನಡವಾಗಿರುವ ಕುಟುಂಬಗಳು ಇಲ್ಲಿಯೇ ಉಳಿದವು. ಮದ್ರಾಸಿನ 1948ರ ಕಾನೂನಿನಿಂದ ಮೊದಲ್ಗೊಂಡು ಆಂಧ್ರಪ್ರದೇಶದ 1960ರ ಕಾನೂನಿನವರೆಗೆ ಸಾರ್ವಜನಿಕ ಗ್ರಂಥಾಲಯಗಳ ವ್ಯವಸ್ಥೆ ನಮ್ಮ ಸೀಮೆಗೆ ಹೊಸದಲ್ಲ. ಅಲ್ಲಿ ತೆಲುಗು ಗ್ರಂಥಗಳೇ ಹೆಚ್ಚಾಗಿರುವುದು ಸಹಜ. ಅದಕ್ಕಾಗಿ ನಾವು ಯಾರನ್ನೂ ದೂರುವುದಿಲ್ಲ. ಆದರೆ ನಮ್ಮ ಶಾಲೆಯ ಬಾಲಕಿಗೆ ಪಠ್ಯಪುಸ್ತಕದ ಆಚೆಗೆ ಒಂದು ಕನ್ನಡ ಕತೆಯ ಪುಸ್ತಕ ಬೇಕಾದರೆ ಅದು ಎಲ್ಲಿದೆ? ಶಾಲೆಯನ್ನು ಬಿಟ್ಟ ಮರುವರ್ಷವೇ ಅವಳ ಕನ್ನಡ ಓದು ನಿಂತುಹೋಗುವುದನ್ನು ನಾವು ಕಾಣುತ್ತಿದ್ದೇವೆ. ಅದಕ್ಕಾಗಿ ಈ ಗ್ರಂಥಾಲಯದಲ್ಲಿ ಕನ್ನಡಕ್ಕೆ ಒಂದು ಗೋಡೆ ಪೂರ್ತಿಯಾಗಿ ಬೇಕು. ಎದುರಿನ ಗೋಡೆ ತೆಲುಗಿಗೆ. ಎರಡು ಲಿಪಿಗಳೂ ಒಂದೇ ಮೂಲದಿಂದ ಕವಲೊಡೆದವು. ಒಂದನ್ನು ಬಲ್ಲ ಮಗು ಇನ್ನೊಂದನ್ನು ಕೆಲವೇ ವಾರಗಳಲ್ಲಿ ಕೂಡಿಸಿ ಓದಬಲ್ಲದು. ಬಾಗಿಲಿನ ಹಲಗೆಯೂ ಎರಡು ಲಿಪಿಗಳಲ್ಲಿರಲಿ.

ಎರಡನೆಯದು ಗುಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೋಸಿಗಿ, ಕೌತಾಳ, ಮಂತ್ರಾಲಯದ ಸುತ್ತಿನ ಎಷ್ಟೋ ಕುಟುಂಬಗಳು ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಗುಂಟೂರಿನ ಕಡೆಗೂ, ಕಟ್ಟಡದ ಕೆಲಸಕ್ಕೆ ಬೆಂಗಳೂರು ಹೈದರಾಬಾದುಗಳಿಗೂ ಹೋಗುತ್ತವೆ. ಮನೆಗೆ ಬೀಗ ಬಿದ್ದ ಮೇಲೆ ಮಗುವನ್ನು ಎಲ್ಲಿ ಬಿಟ್ಟಾರು? ಹಾಜರಿ ಕೂಗುವಾಗ ಉತ್ತರ ಬಾರದ ಹೆಸರುಗಳ ಮುಂದೆ ಉಪಾಧ್ಯಾಯರ ಲೇಖನಿ ನಿಲ್ಲುವ ಆ ಕ್ಷಣ ನಮಗೆ ಪ್ರತಿವರ್ಷವೂ ಬರುತ್ತದೆ. ಕಟ್ಟಡ ಎಷ್ಟು ತಂಪಾಗಿದ್ದರೇನು, ಓದುವ ಮಗುವೇ ಊರಿನಲ್ಲಿಲ್ಲ! ಹಳ್ಳಿಯ ಚೆಲುವಿಗೊಪ್ಪುವ ಗೋಡೆಯನ್ನು ಕಟ್ಟಿ, ಹಳ್ಳಿಯ ಬದುಕಿಗೊಪ್ಪದ ನಿಯಮವನ್ನಿಟ್ಟರೆ ಅದೂ ಆ ತಗಡಿನ ಕೋಣೆಯ ತಮ್ಮನೇ ಆದೀತು.

ಇದಕ್ಕೂ ಹಿಂದಿನವರು ದಾರಿ ತೋರಿದ್ದಾರೆ. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗುವ ಗ್ರಂಥಾಲಯವನ್ನು ಹೊರಡಿಸಿದರು. 1935ರಲ್ಲಿ ಆಂಧ್ರದ ಕೃಷ್ಣಾ ಕಾಲುವೆಯಲ್ಲಿ ಪೆದಪಾಲೆಂ ಗ್ರಾಮದವರ ಪ್ರಯತ್ನದಿಂದ ದೋಣಿಯ ಗ್ರಂಥಾಲಯ ಸಂಚರಿಸಿತು. ಪ್ರಯಾಣಿಕರು ದೋಣಿಯಲ್ಲಿಯೇ ಓದಿ ಹಿಂದಿರುಗಿಸುತ್ತಿದ್ದರು. ನಮ್ಮ ಗ್ರಂಥಾಲಯದ ಪಶ್ಚಿಮದ ದಪ್ಪ ಗೋಡೆಯೊಳಗೆ ಹತ್ತು ಗೂಡುಗಳಿರಲಿ. ಒಂದೊಂದು ಗೂಡಿನಲ್ಲಿ ತಗಡಿನ ಒಂದು ಟ್ರಂಕು. ಟ್ರಂಕಿನಲ್ಲಿ ಇಪ್ಪತ್ತು ಪುಸ್ತಕ, ಒಂದು ಸ್ಲೇಟು, ಬಳಪ. ಗುಳೆ ಹೊರಡುವ ಗುಂಪಿನಲ್ಲಿ ಓದಬಲ್ಲ ದೊಡ್ಡ ಹುಡುಗನೋ ಹುಡುಗಿಯೋ ಒಬ್ಬರಿಗೆ ಅದನ್ನು ಒಪ್ಪಿಸಬೇಕು. ಲಾರಿಯ ಮೇಲೆ ಜೋಳದ ಚೀಲದ ಪಕ್ಕದಲ್ಲಿ ಅದೂ ಹೋಗಲಿ. ಎರಡು ಪುಸ್ತಕ ಕಳೆದು ಬಂದರೆ ದಂಡವಿಲ್ಲ.

ಈ ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡುವಷ್ಟು ಹಣ ನಮ್ಮ ಸಂಘದ ಬಳಿ ಇಲ್ಲವೆಂಬುದು ಪೋಷಕರಿಗೆ ತಿಳಿದ ವಿಷಯವೇ. ಟ್ರಂಕುಗಳಿಗೆ ಕಟ್ಟಡವು ಕಾಯಬೇಕಿಲ್ಲವಾದ್ದರಿಂದ ಅವುಗಳನ್ನು ಮೊದಲು ಮಾಡಬಹುದು. ನೆಲದ ಪರೀಕ್ಷೆಗೂ ಹೆಚ್ಚು ಖರ್ಚಿಲ್ಲ: ಬರುವ ಬೇಸಗೆಯಲ್ಲಿ ಶಾಲೆಯ ಹಿಂದಿನ ಬಯಲಿನಲ್ಲಿ ಮೂರು ಎಡೆ ಗುಂಡಿ ತೋಡಿಸಿ, ಎರೆ ಎಷ್ಟು ಆಳವಿದೆ, ಗರಸು ಎಲ್ಲಿ ಸಿಕ್ಕುತ್ತದೆಂಬುದನ್ನು ಹಗ್ಗ ಇಳಿಸಿ ಅಳೆದು ಬರೆದಿಡಬೇಕೆಂದಿದ್ದೇವೆ. ಬಾವಿ ತೋಡಿದ ಅನುಭವವುಳ್ಳ ಪೋಷಕರು ಯಾರಾದರೂ ಆ ದಿನ ಬಂದು ನಿಂತರೆ ಉಪಕಾರವಾದೀತು. ಗುದ್ದಲಿ, ಬುಟ್ಟಿಗಳು ಶಾಲೆಯಲ್ಲಿವೆ. ಹಾರೆ ಒಂದೇ ಇದೆ, ಇನ್ನೊಂದನ್ನು ತರಬೇಕು.